ಸಿ. ಆರ್. ನಾರಾಯಣ ರಾವ್: ಕಪ್ಪೆಗೆ ಹೆಸರಾದವರು, ಕಳೆದುಹೋದ ಮಾದರಿಗಳು

ಕಪ್ಪೆಗಳೆಲ್ಲವೂ ಮೊದಲು ಗೊದಮೊಟ್ಟೆಯಾಗಿ ನೀರಿನಲ್ಲಿ ಈಜುತ್ತವೆ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಇದು ಪೂರ್ತಿ ನಿಜವಲ್ಲ. ಮಳೆಗಾಲದ ರಾತ್ರಿ ಕರ್ಕಿ, ಹೊನ್ನಾವರದ ಕಡೆಯ ಪೊದೆಗಳಲ್ಲಿ ಕೂಗುವ ಪುಟ್ಟ ಪೊದೆಗಪ್ಪೆಗಳನ್ನೇ ನೋಡಿ. ಅವುಗಳ ಭ್ರೂಣ ಮೊಟ್ಟೆಯೊಳಗೇ ಪೂರ್ತಿ ಬೆಳೆದು, ಪುಟಾಣಿ ಕಪ್ಪೆಯಾಗಿಯೇ ಹೊರಬರುತ್ತದೆ. ಈ ಕುಲದ ಹೆಸರು ರಾವೋರ್ಕೆಸ್ಟಿಸ್. ಅದರೊಳಗಿನ ‘ರಾವ್’ ಬೆಂಗಳೂರಿನ ಒಬ್ಬ ಮೇಷ್ಟ್ರು.

ಸಿ. ಆರ್. ನಾರಾಯಣ ರಾವ್ ಹುಟ್ಟಿದ್ದು 1882ರಲ್ಲಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದರು. 1932ರಲ್ಲಿ ಆರಂಭವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ಆದರೆ ಅವರ ಮನಸ್ಸು ಕಪ್ಪೆಗಳ ಮೇಲಿತ್ತು. ಬೆಳೆದ ಕಪ್ಪೆಯಷ್ಟೇ ಅಲ್ಲ, ಗೊದಮೊಟ್ಟೆಗಳನ್ನೂ ಅವರು ಅಧ್ಯಯನ ಮಾಡಿದರು. 1927ರಲ್ಲಿ ಕಾಡುಪಾಪದ ಅಂಡಾಶಯ ಮತ್ತು ಅಂಡದ ರಚನೆಯ ಬಗ್ಗೆಯೂ ಬರೆದರು.

1920ರಲ್ಲಿ ಕೊಡಗಿನ ಜೌಗಿನ ಒಂದು ಇರುಳುಗಪ್ಪೆಗೆ ಹೆಸರಿಟ್ಟರು. 1937ರಲ್ಲಿ ಕೊಟ್ಟಿಗೆಹಾರ, ಕೆಂಪುಹೊಳೆಯಂಥ ಮಲೆನಾಡಿನ ಊರುಗಳ ಹೆಸರನ್ನೇ ಹೊಸ ಕಪ್ಪೆಗಳಿಗೆ ಕೊಟ್ಟರು. ಹೊಸ ಪ್ರಭೇದಕ್ಕೆ ಹೆಸರಿಡುವಾಗ ಒಂದು ಪ್ರಾಣಿಯನ್ನು ಮೂಲ ಮಾದರಿಯಾಗಿ ಕಾಪಾಡಬೇಕು. ಮುಂದೆ ಸಂಶಯ ಬಂದರೆ ಹೋಲಿಸಿ ನೋಡಲು ಅದೇ ಆಧಾರ. ಕಾಲೇಜಿನಲ್ಲಿದ್ದ ರಾವ್ ಅವರ ಮೂಲ ಮಾದರಿಗಳು ಕಾಲಾಂತರದಲ್ಲಿ ಕಳೆದುಹೋದವು. ಉಳಿದದ್ದು ಬರಹದ ವಿವರಣೆ ಮಾತ್ರ. ಅವರು ಹೇಳಿದ ಕಪ್ಪೆ ಯಾವುದು ಎಂದು ತಿಳಿಯಲು ಸಂಶೋಧಕರು ಮತ್ತೆ ಅದೇ ಕಾಡು, ಹಳ್ಳಗಳಿಗೆ ಇಳಿಯಬೇಕಾಯಿತು. ಕೊಡಗಿನ ಆ ಇರುಳುಗಪ್ಪೆ ಮತ್ತೆ ಸಿಕ್ಕ ಸುದ್ದಿ ಹೊರಬಿದ್ದದ್ದು 2011ರಲ್ಲಿ, 91 ವರ್ಷಗಳ ನಂತರ!

ಅದೇ ಕಾಲದ ಇನ್ನೊಂದು ಸಂಗ್ರಹದ ಕತೆ ಬೇರೆ. ಲಂಡನ್ನಿನಲ್ಲಿದ್ದ ಜೆ. ಪಿ. ಹಿಲ್ ಅವರು ಎ. ಸುಬ್ಬರಾವ್ ಮೊದಲಾದವರ ಜೊತೆ ಸೇರಿ 1928ರಲ್ಲಿ ಕಾಡುಪಾಪದ ಭ್ರೂಣದ ಪೊರೆಗಳ ಬಗ್ಗೆ ಪ್ರಬಂಧ ಪ್ರಕಟಿಸಿದರು. ಹಿಲ್ ಅವರ ಭ್ರೂಣ ಸಂಗ್ರಹ ಮುಂದೆ ನೆದರ್ಲೆಂಡ್ಸಿನ ಉಟ್ರೆಕ್ಟ್‌ಗೆ, ಅಲ್ಲಿಂದ ಬರ್ಲಿನ್‌ನ ನಿಸರ್ಗ ಇತಿಹಾಸ ವಸ್ತುಸಂಗ್ರಹಾಲಯಕ್ಕೆ ಹೋಯಿತು. ಇಂದಿಗೂ ಸಂಶೋಧಕರು ಅದನ್ನು ಬಳಸುತ್ತಾರೆ.

ಹಾಗಾದರೆ ಫೋಟೋ ತೆಗೆದಿಟ್ಟರೆ ಸಾಕೇ? ಸಾಲದು. ಗಾಜಿನ ಮೇಲಿನ ಭ್ರೂಣದ ತೆಳು ಸೀಳುಗಳನ್ನು ಸ್ಕ್ಯಾನ್ ಮಾಡಿ, ಕ್ರಮವಾಗಿ ಜೋಡಿಸಿದರೆ ಕಂಪ್ಯೂಟರಿನಲ್ಲಿ ಇಡೀ ಭ್ರೂಣವನ್ನು ಮೂರು ಆಯಾಮದಲ್ಲಿ ನೋಡಬಹುದು, ದೂರದವರಿಗೂ ಕಳಿಸಬಹುದು. ಆದರೆ ಚಿತ್ರದಿಂದ ಡಿಎನ್‌ಎ ತೆಗೆಯಲಾಗದು. ಆದ್ದರಿಂದ ಬಾಟಲಿಯ ಮದ್ಯಸಾರ ಆರದಂತೆ, ಚೀಟಿಯ ಮೇಲಿನ ಊರು, ತಾರೀಖು ಅಳಿಯದಂತೆ ನೋಡಿಕೊಳ್ಳುವ ಕೆಲಸ ತಪ್ಪುವುದಿಲ್ಲ. ಚೀಟಿ ಹೋದರೆ ಭ್ರೂಣ ಯಾವ ಪ್ರಾಣಿಯದು ಎಂದು ಹೇಳುವುದೂ ಕಷ್ಟ, ಏಕೆಂದರೆ ಆರಂಭದ ಹಂತದಲ್ಲಿ ಹಲವು ಪ್ರಾಣಿಗಳ ಭ್ರೂಣಗಳು ಒಂದನ್ನೊಂದು ಹೋಲುತ್ತವೆ.

ರಾವ್ 1960ರಲ್ಲಿ ತೀರಿಕೊಂಡರು. 2010ರಲ್ಲಿ ಪೊದೆಗಪ್ಪೆಗಳ ಕುಲಕ್ಕೆ ಅವರ ಹೆಸರು ಬಂತು. ಅವರ ಬಾಟಲಿಗಳು ಉಳಿದಿದ್ದರೆ ಅದಕ್ಕಿಂತ ದೊಡ್ಡ ಗೌರವ ಇನ್ನೊಂದಿರಲಿಲ್ಲ. ನಿಮ್ಮೂರಿನ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಯೋಗಾಲಯದಲ್ಲಿ ಹಳೆಯ ಗಾಜಿನ ಜಾಡಿಗಳಿದ್ದರೆ, ಎಸೆಯುವ ಮುನ್ನ ಚೀಟಿ ಓದಿಸಿ.