ಸಾಸವಡದ ಮಾಸ್ತರರು

ಕಾಮರ್ಸ್ ಓದುವ ಹುಡುಗನಿಗೆ ಕನ್ನಡ ಸಂಘದ ಪತ್ರಿಕೆಯಲ್ಲೇನು ಕೆಲಸ ಅಂತ ಗೆಳೆಯರು ನಗಬಹುದು. ಅದೂ ನಾನು ಬರೆಯ ಹೊರಟಿರುವುದು ಒಬ್ಬ ಮರಾಠಿ ಸಾಹಿತಿಯ ಬಗ್ಗೆ. ನಗುವವರು ನಗಲಿ. ಬೇಸಿಗೆ ರಜೆಯಲ್ಲಿ ಸಾಸವಡದಲ್ಲಿ ನಾನು ಕಳೆದ ಒಂದು ತಿಂಗಳು ನನ್ನಿಂದ ಇದನ್ನು ಬರೆಸುತ್ತಿದೆ.

ಪುಣೆಯಿಂದ ಸಾಸವಡ ಸುಮಾರು 30 ಕಿಲೋಮೀಟರ್. ಹಡಪಸರ ದಾಟಿ, ದಿವೆ ಘಾಟಿನ ತಿರುವುಗಳಲ್ಲಿ ಏದುಸಿರು ಬಿಡುತ್ತ ಬಸ್ಸು ಮೇಲೆ ಹತ್ತಿದರೆ ಪುರಂದರ ಕೋಟೆಯ ಸೀಮೆ ಸಿಗುತ್ತದೆ. ಕರ್ಹಾ ನದಿಯ ದಂಡೆಯ ಊರು ಸಾಸವಡ. ಜ್ಞಾನೇಶ್ವರರ ತಮ್ಮ ಸೋಪಾನದೇವರ ಸಮಾಧಿ ಇಲ್ಲಿದೆ. ನಮ್ಮ ಸೋದರಮಾವ ಇದೇ ಊರಲ್ಲಿ ಅಂಗಡಿಯೊಂದರ ಲೆಕ್ಕ ಬರೆಯುತ್ತಾರೆ. ಮಾವನಿಗೆ ಮೂವರು ಮಕ್ಕಳು: ಒಬ್ಬ ಏಳನೆಯ ಇಯತ್ತೆ, ಒಬ್ಬಳು ಒಂಬತ್ತನೆಯದು, ದೊಡ್ಡವನು ಹನ್ನೊಂದು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಹೋದ ಮರುದಿನವೇ ಮಾವ ಮೂವರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿ, ಇವರಿಗೆ ಫಿಜಿಕ್ಸ್ ಹೇಳಿಕೊಡಪ್ಪಾ ಅಂದುಬಿಟ್ಟರು.

ನನ್ನ ಎದೆ ಧಸಕ್ಕೆಂದಿತು. ಯಾಕೆಂದರೆ ನಾನು ಕಾಮರ್ಸಿಗೆ ಬಂದದ್ದೇ ಫಿಜಿಕ್ಸಿನಿಂದ ಓಡಿ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು ನಾನು. ವೇಗೋತ್ಕರ್ಷ, ಜಡತ್ವ, ಪ್ರಚ್ಛನ್ನ ಶಕ್ತಿ ಇವೆಲ್ಲ ನನಗೆ ಚೆನ್ನಾಗಿ ಗೊತ್ತಿದ್ದ ಸಂಗತಿಗಳು. ಪಿ.ಯು.ಸಿ.ಗೆ ಹೋದ ಮೇಲೆ ಎಲ್ಲ ಇಂಗ್ಲಿಷಾಯಿತು. ಬೋರ್ಡಿನ ಮೇಲೆ ದಿನಾ ಬರುತ್ತಿದ್ದ ಅಕ್ಸಲರೇಶನ್ ಎಂಬುದು ನನ್ನ ಹಳೆಯ ವೇಗೋತ್ಕರ್ಷವೇ ಅಂತ ತಿಳಿಯಲು ನನಗೆ ಮೂರು ತಿಂಗಳು ಬೇಕಾಯಿತು. ಅಷ್ಟರಲ್ಲಿ ಪಾಠ ಎಲ್ಲೋ ಮುಂದೆ ಹೋಗಿತ್ತು. ಒಮ್ಮೆ ಎದ್ದು ನಿಂತು ಸಂಶಯ ಕೇಳಿದೆ; ಇಷ್ಟೂ ಬರದವರು ಸೈನ್ಸಿಗೆ ಯಾಕೆ ಬರಬೇಕು ಎಂಬ ಉತ್ತರ ಬಂತು. ಆಮೇಲೆ ನಾನು ಕೇಳಲಿಲ್ಲ. ಆ ವರ್ಷ ಫಿಜಿಕ್ಸಿನಲ್ಲಿ ನಪಾಸಾದೆ.

ಹೀಗಿದ್ದ ನನಗೆ ಸಾಸವಡದಲ್ಲಿ ಪರಿಚಯವಾದವರು ಆಚಾರ್ಯ ಅತ್ರೆ. ಊರಿನ ರಂಗಮಂದಿರಕ್ಕೆ ಅವರದೇ ಹೆಸರು. ನಮ್ಮಜ್ಜನ ಮುಂದೆ ಆ ಹೆಸರೆತ್ತುವ ಹಾಗಿರಲಿಲ್ಲ. ಬೆಳಗಾವಿ ಕೇಳಿದವರ ಮುಂದಾಳು ಅಂತ ಅಜ್ಜನಿಗೆ ಸಿಟ್ಟು. ನನಗೂ ಗೊತ್ತಿದ್ದದ್ದು ಅಷ್ಟೇ. ಅತ್ರೆಯವರು ಮೊದಲು ಒಬ್ಬ ಶಾಲಾ ಮಾಸ್ತರರಾಗಿದ್ದರು ಎಂದು ತಿಳಿದದ್ದು ಮಾವನಿಂದ.

ಪ್ರಹ್ಲಾದ ಕೇಶವ ಅತ್ರೆ ಹುಟ್ಟಿದ್ದು 1898ರ ಆಗಸ್ಟ್ 13ರಂದು, ಸಾಸವಡದ ಪಕ್ಕದ ಕೋಡಿತ ಎಂಬ ಹಳ್ಳಿಯಲ್ಲಿ. ತಂದೆ ಸಾಸವಡದ ಪುರಸಭೆಯಲ್ಲಿ ಗುಮಾಸ್ತರು. ಹುಡುಗ ಸಾಸವಡದಲ್ಲಿ ಓದಿ, ಪುಣೆಗೆ ಹೋಗಿ, ಫರ್ಗ್ಯುಸನ್ ಕಾಲೇಜಿನಿಂದ 1919ರಲ್ಲಿ ಬಿ.ಎ. ಆದ. ಪದವಿ ಕೈಗೆ ಬಂದೊಡನೆ ಹಿಡಿದದ್ದು ಶಿಕ್ಷಕ ವೃತ್ತಿ. ಮೊದಲು ಮುಂಬಯಿಯಲ್ಲಿ, ಆಮೇಲೆ ಪುಣೆಯ ಕ್ಯಾಂಪ್ ಭಾಗದ ಒಂದು ಹೈಸ್ಕೂಲಿನಲ್ಲಿ ಮುಖ್ಯಾಧ್ಯಾಪಕರಾಗಿ. ಜೊತೆಗೆ ಕವಿತೆಯ ಹುಚ್ಚೂ ಇತ್ತು. ಕೇಶವಕುಮಾರ ಎಂಬ ಹೆಸರಿನಲ್ಲಿ ಆ ಕಾಲದ ಕವಿಗಳನ್ನು ಅಣಕಿಸಿ ಬರೆದ ಝೆಂಡೂಚೀ ಫುಲೆ 1925ರಲ್ಲಿ ಹೊರಬಂದು ಮರಾಠಿ ನಾಡನ್ನೇ ನಗಿಸಿತು.

ಮುಖ್ಯಾಧ್ಯಾಪಕರಾದ ಮೇಲೂ ತನಗೆ ಕಲಿಸುವುದು ಬರುತ್ತದೆ ಅಂತ ಅವರು ಸುಮ್ಮನೆ ಕೂರಲಿಲ್ಲ ಎಂಬುದೇ ನನಗೆ ದೊಡ್ಡ ಸಂಗತಿಯಾಗಿ ಕಂಡದ್ದು. ಲಂಡನ್ನಿಗೆ ಹೋಗಿ ಮತ್ತೆ ವಿದ್ಯಾರ್ಥಿಯಾದರು. 1928ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಶಿಕ್ಷಕ ಡಿಪ್ಲೊಮಾ ಪಡೆದರು. ಅಲ್ಲಿ ಅವರಿಗೆ ಮನಶ್ಶಾಸ್ತ್ರ ಹೇಳಿದವರು ಸಿರಿಲ್ ಬರ್ಟ್. ಈ ಬರ್ಟ್ 1913ರಲ್ಲಿಯೇ ಲಂಡನ್ ನಗರದ ಶಾಲೆಗಳಿಗೆ ಮನಶ್ಶಾಸ್ತ್ರಜ್ಞರಾಗಿ ನೇಮಕವಾದವರು. ತರಗತಿಯಲ್ಲಿ ಹಿಂದುಳಿದ ಮಗುವನ್ನು ಗುರುತಿಸಿ, ಅದರ ಮಟ್ಟ ಅಳೆದು, ಅದಕ್ಕೆ ತಕ್ಕ ಪಾಠ ಗೊತ್ತು ಮಾಡುವುದು ಅವರ ಕೆಲಸ. ಒಂದೇ ವಯಸ್ಸಿನ ಮಕ್ಕಳೆಲ್ಲ ಒಂದೇ ಹೆಜ್ಜೆ ಹಾಕುವುದಿಲ್ಲ ಎಂಬುದು ಆಗ ಯುರೋಪಿನಲ್ಲೂ ಹೊಸ ಮಾತು. ಆದರೆ ಬುದ್ಧಿ ಬಹುಪಾಲು ಹುಟ್ಟಿನಿಂದಲೇ ಬರುತ್ತದೆ ಎಂದೂ ಬರ್ಟ್ ನಂಬಿದ್ದರು. 1971ರಲ್ಲಿ ಅವರು ತೀರಿಕೊಂಡ ಮೇಲೆ, ಅವಳಿ ಮಕ್ಕಳ ಬಗ್ಗೆ ಅವರು ಕೊಟ್ಟ ಅಂಕಿಗಳು ಕಲ್ಪಿತವೆಂಬ ಆರೋಪ ಬಂದು ದೊಡ್ಡ ಗದ್ದಲವಾಯಿತು. ಗುರುವಿನ ಎಲ್ಲವನ್ನೂ ಶಿಷ್ಯ ಹೊರಬೇಕಿಲ್ಲ. ಮಗು ನಿಂತಲ್ಲಿಗೆ ಮಾಸ್ತರ ಇಳಿದು ಬರಬೇಕು ಎಂಬುದಷ್ಟು ಉಳಿದರೆ ಸಾಕು.

ಪುಣೆಗೆ ಮರಳಿದ ಅತ್ರೆಯವರು ಶಾಲೆಗಳನ್ನು ಕಟ್ಟಿದರು. ಹುಡುಗಿಯರಿಗಾಗಿ ಆಗರ್ಕರ ಹೆಸರಿನ ಹೈಸ್ಕೂಲು ತೆರೆದರು. ನವಯುಗ ವಾಚನಮಾಲೆ ಎಂಬ ಮರಾಠಿ ಪಠ್ಯಪುಸ್ತಕಗಳನ್ನು ಸಿದ್ಧಪಡಿಸಿದರು. ಇಯತ್ತೆಯಿಂದ ಇಯತ್ತೆಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ, ಮಕ್ಕಳ ಬಾಯಿಮಾತಿಗೆ ಹತ್ತಿರವಾದ ಪುಸ್ತಕಗಳು ಅವು. ಅದರಲ್ಲಿನ ದಿನೂಚೆ ಬಿಲ್ ಎಂಬ ಕತೆಯನ್ನು ಮಾವ ತಮ್ಮ ಮಕ್ಕಳಿಗೆ ಹೇಳಿದ್ದನ್ನು ನಾನೂ ಕೇಳಿದೆ. ಹುಡುಗನೊಬ್ಬ ತಾನು ಮಾಡಿದ ಚಿಕ್ಕ ಕೆಲಸಗಳಿಗೆಲ್ಲ ತಾಯಿಗೆ ಬಿಲ್ಲು ಬರೆದುಕೊಡುತ್ತಾನೆ. ತಾಯಿ ಹಣ ಕೊಡುತ್ತಾಳೆ, ಜೊತೆಗೆ ತನ್ನದೊಂದು ಬಿಲ್ಲನ್ನೂ ಇಡುತ್ತಾಳೆ. ಅದರಲ್ಲಿ ಸಾಕಿದ್ದಕ್ಕೆ, ಸಲಹಿದ್ದಕ್ಕೆ ಎಲ್ಲದಕ್ಕೂ ಸೊನ್ನೆ. ಜಮಾ ಖರ್ಚು ಬರೆಯುವ ನನ್ನಂಥವನಿಗೆ ಈ ಸೊನ್ನೆ ನಾಟಿತು. ದೊಡ್ಡ ಮಾತನ್ನು ಮಗುವಿಗೆ ಗೊತ್ತಿರುವ ಸಾಮಾನಿನಿಂದಲೇ ಹೇಳುವ ದಾರಿ ಇದು.

ಅದೇ ದಾರಿಯನ್ನು ನಾನೂ ಹಿಡಿದೆ. ಮೂವರಿಗೂ ದಿವೆ ಘಾಟ್ ಗೊತ್ತು. ರಸ್ತೆ ನೆಟ್ಟಗೆ ಹೋಗದೆ ಹಾವಿನಂತೆ ಯಾಕೆ ಸುತ್ತುತ್ತದೆ ಅಂತ ಕೇಳಿದೆ. ಏಳನೆಯವನಿಗೆ ಜೋಳದ ಚೀಲ ಕೊಟ್ಟು, ಒಮ್ಮೆ ನೇರ ಎತ್ತಿಸಿದೆ, ಒಮ್ಮೆ ಹಲಗೆಯ ಮೇಲೆ ಜಾರಿಸಿ ತಳ್ಳಿಸಿದೆ. ಹಲಗೆ ಸುಲಭ, ಆದರೆ ದೂರ ಜಾಸ್ತಿ ಅಂತ ಅವನೇ ಹೇಳಿದ. ಅವನ ಪಾಠ ಅಲ್ಲಿಗೆ ಮುಗಿಯಿತು. ಒಂಬತ್ತನೆಯವಳಿಗೆ ಲೆಕ್ಕ ಕೊಟ್ಟೆ: 10 ಕಿಲೋ ಚೀಲವನ್ನು 3 ಮೀಟರ್ ಎತ್ತರದ ಮಾಳಿಗೆಗೆ ನೇರ ಎತ್ತಿದರೆ 98 ನ್ಯೂಟನ್ ಬಲ, 294 ಜೌಲ್ ಕೆಲಸ, 6 ಮೀಟರ್ ಹಲಗೆಯಾದರೆ, ಘರ್ಷಣೆ ಬಿಟ್ಟು, 49 ನ್ಯೂಟನ್ ಸಾಕು, ಕೆಲಸ ಮಾತ್ರ ಅಷ್ಟೇ 294. ಹನ್ನೊಂದನೆಯವನು ಆ ಅರ್ಧ ಎಲ್ಲಿಂದ ಬಂತು ಎಂದು ಚಿತ್ರ ಬರೆದು, ಕೋನ 30 ಡಿಗ್ರಿ, ಅದರ ಸೈನ್ ಅರ್ಧ ಅಂತ ತಾನೇ ಕಂಡುಹಿಡಿದ. ಒಂದೇ ಘಾಟು, ಮೂರು ಪಾಠ. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನಗೆ ಬಾರದ್ದು ಫಿಜಿಕ್ಸಲ್ಲ, ಆ ಭಾಷೆ ಎಂಬುದು ಅಂದು ಗೊತ್ತಾಯಿತು.

ಅತ್ರೆಯವರ ಮುಂದಿನ ಬದುಕು ದೊಡ್ಡದು, ಓಡುತ್ತ ಹೇಳುತ್ತೇನೆ. 1933ರ ಸಾಷ್ಟಾಂಗ ನಮಸ್ಕಾರದಿಂದ ಅವರ ನಾಟಕಗಳ ಸಾಲು ಶುರುವಾಯಿತು. ಮುಂದೆ 1962ರಲ್ಲಿ ಬಂದ ತೋ ಮೀ ನವ್ಹೇಚ್ ನಾಟಕದ ಠಕ್ಕ ಲಖೋಬಾ ಲೋಖಂಡೆ ನಮ್ಮ ನಿಪ್ಪಾಣಿಯ ತಂಬಾಕು ವ್ಯಾಪಾರಿ! 1938ರ ಬ್ರಹ್ಮಚಾರಿ ಚಿತ್ರಕ್ಕೆ ಕತೆ ಬರೆದರು. 1942ರಲ್ಲಿ ನಾಸಿಕದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಸಾನೆ ಗುರೂಜಿಯವರ ಶ್ಯಾಮಚೀ ಆಯಿಯನ್ನು 1953ರಲ್ಲಿ ಚಿತ್ರ ಮಾಡಿದರು. ರಾಷ್ಟ್ರಪತಿಗಳ ಸುವರ್ಣ ಪದಕ ಮೊದಲ ಸಲ ಕೊಟ್ಟಾಗ, ಅಂದರೆ 1954ರಲ್ಲಿ, ಅದು ಸಿಕ್ಕಿದ್ದು ಈ ಚಿತ್ರಕ್ಕೆ. ಅದೇ ವರ್ಷ ಮಹಾತ್ಮಾ ಫುಲೆಯವರ ಮೇಲೂ ಚಿತ್ರ ತೆಗೆದರು.

1956ರ ನವೆಂಬರಿನಲ್ಲಿ ಮರಾಠಾ ದಿನಪತ್ರಿಕೆ ಆರಂಭವಾಯಿತು. ಅದೇ ತಿಂಗಳ ಮೊದಲ ದಿನ ನಮ್ಮ ನಾಡು ಒಂದಾಗಿ, ಬೆಳಗಾವಿ ಮೈಸೂರು ರಾಜ್ಯಕ್ಕೆ ಸೇರಿತ್ತು. ಸಂಯುಕ್ತ ಮಹಾರಾಷ್ಟ್ರಕ್ಕಾಗಿ ಅತ್ರೆಯವರ ಲೇಖನಿ ಬೆಂಕಿಯಾಯಿತು. ಎದುರಾಳಿಗಳನ್ನು ಬೈಯುವುದರಲ್ಲಿ ಅದಕ್ಕೆ ಅಂಕೆಯಿರಲಿಲ್ಲ. 1960ರ ಮೇ 1ಕ್ಕೆ ಮಹಾರಾಷ್ಟ್ರ ಬಂತು, ಬೆಳಗಾವಿ ಇಲ್ಲೇ ಉಳಿಯಿತು. ಈ ವಿಷಯದಲ್ಲಿ ನಾನು ಅಜ್ಜನ ಕಡೆಯೇ. ಆದರೆ ತಾಯ್ನುಡಿಯಲ್ಲಿ ಕಲಿಯಬೇಕೆಂಬ ಹಟ ಅವರಿಗಿದ್ದ ಹಾಗೆ ನಮಗೂ ಇದೆಯಲ್ಲ? ಅವರು ತಮ್ಮ ಮಕ್ಕಳಿಗೆ ಪುಸ್ತಕ ಬರೆದರು. ನಾವು ಎಷ್ಟು ಬರೆದಿದ್ದೇವೆ ಅಂತ ಕೇಳಿಕೊಂಡರೆ ತಪ್ಪೇನು?

ಅತ್ರೆಯವರು 1969ರ ಜೂನ್ 13ರಂದು ಮುಂಬಯಿಯಲ್ಲಿ ತೀರಿಕೊಂಡರು. ಸಂಪುಟಗಟ್ಟಲೆ ಬರೆದ ಆತ್ಮಕಥೆಗೆ ಅವರಿಟ್ಟ ಹೆಸರು ಕರ್ಹೆಚೆ ಪಾಣಿ, ಅಂದರೆ ಕರ್ಹೆಯ ನೀರು. ಎಷ್ಟು ದೂರ ಹೋದರೂ ಊರ ಹೊಳೆಯನ್ನು ಮರೆಯಲಿಲ್ಲ.

ರಜೆ ಮುಗಿಸಿ ಬರುವಾಗ ಹನ್ನೊಂದನೆಯವನು ಒಂದು ಕಾಗದ ಕೊಟ್ಟ. ಬಸ್ಸಿನಲ್ಲಿ ಬಿಚ್ಚಿ ನೋಡಿದೆ. ಒಂದು ತಿಂಗಳ ಪಾಠಕ್ಕೆ ನಾನು ಕೊಡಬೇಕಾದ ಬಿಲ್ಲು ಅಂತ ತಲೆಬರಹ, ಕೆಳಗೆ ಒಂದು ದೊಡ್ಡ ಸೊನ್ನೆ. ಆ ಕಾಗದ ಈಗಲೂ ನನ್ನ ಅಕೌಂಟೆನ್ಸಿ ಪುಸ್ತಕದಲ್ಲಿದೆ. ಮುಂದಿನ ರಜೆಗೂ ಸಾಸವಡಕ್ಕೆ ಹೋಗುವವನಿದ್ದೇನೆ. ವಿದ್ಯುತ್ತಿನ ಪಾಠ ಬಾಕಿಯಿದೆ.