ಕಾವೇರಿಯಿಂದ ಬೆಳಕು ತಂದ ದಿವಾನರು

ನಮ್ಮ ಪಸ್ತಾಪುರದ ಜೋಳದ ಹೊಲಗಳ ಮೇಲೆ ಹಾದುಹೋಗುವ ವಿದ್ಯುತ್ ತಂತಿಗಳನ್ನು ನಾವು ದಿನಾಲೂ ನೋಡುತ್ತೇವೆ. ಗಾಳಿ ಮಳೆ ಬಂದು ಫಕ್ಕನೆ ದೀಪ ಹೋದರೆ ಬೇಸರಪಡುತ್ತೇವೆ. ಆದರೆ ಕೆಲವು ಸಲ ಹಾಗೆ ದೀಪ ಹೋಗುವುದರಿಂದಲೇ ಪ್ರಾಣಗಳು ಉಳಿಯುತ್ತವೆ. ಕನ್ನಡ ನಾಡಿನಲ್ಲಿ ಮೊಟ್ಟಮೊದಲು ಬಹುದೂರದ ವಿದ್ಯುತ್ ಮಾರ್ಗಕ್ಕೆ ಕಾರಣರಾದ ಸರ್ ಕೆ. ಶೇಷಾದ್ರಿ ಅಯ್ಯರ್ ಅವರನ್ನು ಇಲ್ಲಿ ನೆನೆಯೋಣ.

ಶೇಷಾದ್ರಿ ಅಯ್ಯರ್ ಅವರು 1845ರ ಜೂನ್ 1ರಂದು ಪಾಲಕ್ಕಾಡಿನ ಸೀಮೆಯಲ್ಲಿ ಜನಿಸಿದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, 1868ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಸೇರಿದರು. 1883ರಲ್ಲಿ ದಿವಾನ್ ರಂಗಾಚಾರ್ಲು ಅವರು ತೀರಿಕೊಂಡಾಗ ಆ ಸ್ಥಾನಕ್ಕೆ ಬಂದು, 18 ವರ್ಷ ರಾಜ್ಯದ ಭಾರ ಹೊತ್ತರು. ರೈಲುಮಾರ್ಗಗಳನ್ನು ಬೆಳೆಸಿದರು. ಹೆಸರಘಟ್ಟದಿಂದ ಬೆಂಗಳೂರಿಗೆ ಕುಡಿಯುವ ನೀರು ತರಿಸಿದರು. ಮಾರಿಕಣಿವೆಯಲ್ಲಿ ಅಣೆಕಟ್ಟಿನ ಕೆಲಸ ಆರಂಭಿಸಿದರು.

ಆ ಕಾಲದಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಉರುವಲು ಬಲು ದುಬಾರಿಯಾಗಿತ್ತು. ಶಿವನಸಮುದ್ರದಲ್ಲಿ ಧುಮುಕುವ ಕಾವೇರಿಯಿಂದ ವಿದ್ಯುತ್ ಉತ್ಪಾದಿಸಿ ಗಣಿಗೆ ಒಯ್ಯಬೇಕೆಂಬ ಯೋಜನೆಯನ್ನು ಇಂಜಿನಿಯರ್ ಜೋಲಿ ದ ಲಾಟ್ಬಿನಿಯೆರ್ ಅವರು ರೂಪಿಸಿದರು. ದೂರ ಸುಮಾರು 147 ಕಿಲೋಮೀಟರು. ಒತ್ತಡ ಸುಮಾರು 30 ಸಾವಿರ ವೋಲ್ಟು! ಅಷ್ಟು ದೂರ ವಿದ್ಯುತ್ ಸಾಗಿಸುವುದು ಆಗ ಜಗತ್ತಿಗೇ ಹೊಸದು. ಕೈಗೂಡದಿದ್ದರೆ ಪ್ರಜೆಗಳ ಹಣ ನೀರಿನಲ್ಲಿ ಹೋಮ ಮಾಡಿದಂತಾಗುತ್ತಿತ್ತು. ಆದರೂ ದಿವಾನರು ಧೈರ್ಯಗೆಡದೆ ಯೋಜನೆಯ ಬೆನ್ನಿಗೆ ನಿಂತರು.

ಇಂಥ ಮಾರ್ಗಕ್ಕೆ ದೊಡ್ಡ ಶತ್ರುವೆಂದರೆ ನೆಲ. ಪಿಂಗಾಣಿ ಇನ್ಸುಲೇಟರ್ ಒಡೆದರೆ, ಮರದ ಕೊಂಬೆ ತಗುಲಿದರೆ, ಸಿಡಿಲು ಬಡಿದರೆ ವಿದ್ಯುತ್ತು ನೆಲಕ್ಕೆ ಹರಿದುಬಿಡುತ್ತದೆ. ಇದಕ್ಕೆ ಅರ್ತ್ ಫಾಲ್ಟ್ ಎನ್ನುತ್ತಾರೆ. ಇಂದಿನ ಮಾರ್ಗಗಳಲ್ಲಿ ಕಂಬಗಳ ನೆತ್ತಿಯ ಮೇಲೆ ಎಳೆದ ಅರ್ತ್ ತಂತಿಯು ಸಿಡಿಲನ್ನು ತಾನೇ ಪಡೆದು ನೆಲಕ್ಕೆ ಇಳಿಸುತ್ತದೆ. ಮಾರ್ಗ ಸರಿಯಾಗಿದ್ದಾಗ ಮೂರು ತಂತಿಗಳ ವಿದ್ಯುತ್ ಒಂದಕ್ಕೊಂದು ಸರಿದೂಗಿರುತ್ತದೆ. ಒಂದರಿಂದ ನೆಲಕ್ಕೆ ಸೋರಿದೊಡನೆ ಆ ಲೆಕ್ಕ ತಪ್ಪುತ್ತದೆ. ರಿಲೇ ಎಂಬ ಸಾಧನ ಇದನ್ನು ಗುರುತಿಸಿ ಸರ್ಕ್ಯೂಟ್ ಬ್ರೇಕರಿಗೆ ಆಜ್ಞೆ ಕೊಡುತ್ತದೆ. ಕ್ಷಣಾರ್ಧದಲ್ಲಿ ಮಾರ್ಗ ಕಡಿಯುತ್ತದೆ.

ಆದರೆ ಒಣನೆಲದ ಮೇಲೆ ಬಿದ್ದ ತಂತಿಯಿಂದ ಸೋರುವ ವಿದ್ಯುತ್ ಬಹಳ ಕಡಿಮೆಯಿದ್ದು, ರಿಲೇಗೆ ತಿಳಿಯದೆಯೂ ಹೋಗಬಹುದು. ಆದ್ದರಿಂದ ಬಿದ್ದ ತಂತಿ ಸತ್ತಿದೆಯೆಂದು ನಂಬಬಾರದು. ದೂರ ನಿಂತು, ದನಕರುಗಳನ್ನೂ ತಡೆದು, ಲೈನ್‌ಮನ್‌ಗೆ ಸುದ್ದಿ ಮುಟ್ಟಿಸಬೇಕು.

ಅನಾರೋಗ್ಯದಿಂದ ನಿವೃತ್ತರಾದ ಶೇಷಾದ್ರಿ ಅಯ್ಯರ್ ಅವರು 1901ರ ಸೆಪ್ಟೆಂಬರ್ 13ರಂದು ನಿಧನರಾದರು. 1902ರ ಜೂನ್‌ನಲ್ಲಿ ಕಾವೇರಿಯ ವಿದ್ಯುತ್ ಕೋಲಾರ ತಲುಪಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಅದನ್ನು ಕಣ್ಣಾರೆ ಕಾಣುವ ಭಾಗ್ಯ ಅವರಿಗಿರಲಿಲ್ಲ. ನೆಟ್ಟವರು ಅವರು, ನೆರಳು ಪಡೆದವರು ನಾವು. ಆ ಬೆಳಕನ್ನು ಎಚ್ಚರದಿಂದ ಕಾಯುವುದೇ ನಾವು ಅವರಿಗೆ ಸಲ್ಲಿಸುವ ಗೌರವ.