ಸಿಡುಬನ್ನು ಎದುರಿಸಿದ ರಾಣಿ ಲಕ್ಷ್ಮಮ್ಮಣ್ಣಿ

ಮಕ್ಕಳೇ, ದುದ್ದ, ಹೊಳೆನರಸೀಪುರದ ಕಡೆಯ ಎಪ್ಪತ್ತು ದಾಟಿದ ಅಜ್ಜ ಅಜ್ಜಿಯರ ತೋಳನ್ನು ಗಮನಿಸಿದ್ದೀರಾ? ಅಲ್ಲಿ ದುಂಡನೆಯ ಕಲೆ ಇರಬಹುದು. ಅದು ಸಿಡುಬಿನ ಲಸಿಕೆಯ ಗುರುತು. ಈ ಲಸಿಕೆ ಮೈಸೂರು ಅರಮನೆಗೆ ಬಂದ ಕತೆ ನಿಮಗೆ ಗೊತ್ತೇ?

ಲಕ್ಷ್ಮಮ್ಮಣ್ಣಿಯವರು ಇಮ್ಮಡಿ ಕೃಷ್ಣರಾಜ ಒಡೆಯರ ರಾಣಿ. 1766ರಲ್ಲಿ ಅರಸರು ತೀರಿಕೊಂಡರು. ಆಗ ಅಧಿಕಾರವೆಲ್ಲ ಹೈದರಾಲಿಯ ಕೈಯಲ್ಲಿತ್ತು, ಅನಂತರ ಟಿಪ್ಪು ಸುಲ್ತಾನರ ಕೈಗೆ ಬಂತು. ರಾಣಿಯವರು ರಾಜ್ಯವನ್ನು ಮರಳಿ ಪಡೆಯಲು ಇಂಗ್ಲಿಷರೊಡನೆ ಗುಟ್ಟಾಗಿ ಮಾತುಕತೆ ನಡೆಸಿದರು.

1796ರ ಏಪ್ರಿಲ್‌ನಲ್ಲಿ ಅವರ ದತ್ತುಮಗ ಖಾಸಾ ಚಾಮರಾಜ ಒಡೆಯರು ಸಿಡುಬಿನಿಂದ ತೀರಿಕೊಂಡರು. ಮೊಮ್ಮಗನಿಗೆ ಎರಡು ವರ್ಷವೂ ತುಂಬಿರಲಿಲ್ಲ. ಮರುತಿಂಗಳೇ, ಮೇ 14ರಂದು, ಇಂಗ್ಲೆಂಡಿನಲ್ಲಿ ಎಡ್ವರ್ಡ್ ಜೆನ್ನರ್ ಎಂಬ ವೈದ್ಯರು ದನದ ಸಿಡುಬಿನ ರಸವನ್ನು ಹುಡುಗನೊಬ್ಬನ ತೋಳಿಗೆ ಹಾಕಿದರು. ಅದೇ ಸಿಡುಬಿನ ಲಸಿಕೆಯ ಆರಂಭ.

1799ರಲ್ಲಿ ಐದು ವರ್ಷದ ಮೊಮ್ಮಗ ಮುಮ್ಮಡಿ ಕೃಷ್ಣರಾಜ ಒಡೆಯರಾಗಿ ಪಟ್ಟಕ್ಕೆ ಬಂದರು. 1802ರಲ್ಲಿ ಲಸಿಕೆ ಮುಂಬಯಿ ತಲುಪಿತು. ಆದರೆ ಹೊಸ ಔಷಧಿಯೆಂದರೆ ಜನರಿಗೆ ಭಯ. ಆಗ ಅರಮನೆಯವರೇ ಮುಂದಾದರು. ಎಳೆಯ ರಾಣಿ ದೇವಾಜಮ್ಮಣ್ಣಿಯವರು ಲಸಿಕೆ ಹಾಕಿಸಿಕೊಂಡರು. ಥಾಮಸ್ ಹಿಕಿ 1805ರಲ್ಲಿ ಬರೆದ ಚಿತ್ರದಲ್ಲಿ ಸೆರಗು ಸರಿಸಿ ತೋಳು ತೋರಿಸುತ್ತಿರುವವರು ಇವರೇ ಎಂದು ಇತಿಹಾಸಕಾರರು ಗುರುತಿಸಿದ್ದಾರೆ. ಇದರ ಹಿಂದೆ ಲಕ್ಷ್ಮಮ್ಮಣ್ಣಿಯವರ ಒತ್ತಾಸೆ ಇತ್ತೆಂಬುದು ಅವರ ಅಭಿಪ್ರಾಯ. ರಾಣಿಯ ಸುದ್ದಿ ಕೇಳಿ ಜನರೂ ಲಸಿಕೆಗೆ ಮುಂದೆ ಬಂದರು. ಲಕ್ಷ್ಮಮ್ಮಣ್ಣಿಯವರು 1810ರಲ್ಲಿ ತೀರಿಕೊಂಡರು.

ಲಸಿಕೆ ಹೇಗೆ ಕಾಪಾಡುತ್ತದೆ?

ನಮ್ಮ ರಕ್ತದಲ್ಲಿ ಕಾವಲುಗಾರ ಕಣಗಳಿವೆ. ಅವುಗಳಲ್ಲಿ ಒಂದು ಬಗೆ ಬಿ ಕಣ. ಪ್ರತಿ ಬಿ ಕಣದ ಮೈಮೇಲೆ ಒಂದೇ ಆಕಾರದ ಗ್ರಾಹಕಗಳಿರುತ್ತವೆ. ಬೀಗಕ್ಕೆ ಬೀಗದಕೈ ಹೊಂದುವಂತೆ ಅವು ರೋಗಾಣುವಿಗೆ ಹೊಂದಬೇಕು. ಯಾವ ರೋಗಾಣು ಬರುವುದೋ ದೇಹಕ್ಕೆ ಮೊದಲೇ ತಿಳಿಯದು. ಆದ್ದರಿಂದ ಕೋಟಿಗಟ್ಟಲೆ ಬಗೆಯ ಗ್ರಾಹಕಗಳು ಬೇಕು. ಆದರೆ ಮನುಷ್ಯನಲ್ಲಿರುವ ವಂಶವಾಹಿಗಳು ಸುಮಾರು 20,000 ಮಾತ್ರ!

ಜಪಾನಿನ ವಿಜ್ಞಾನಿ ಸುಸುಮು ಟೊನೆಗಾವಾ 1976ರಲ್ಲಿ ಈ ಒಗಟು ಬಿಡಿಸಿದರು. ನಾಟಕಕ್ಕೆಂದು 4 ಅಂಗಿ, 3 ಪಂಚೆ, 2 ಪೇಟ ಇವೆ ಎನ್ನಿ. ಈ 9 ಬಟ್ಟೆಗಳಿಂದ 24 ವೇಷಗಳಾಗುತ್ತವೆ. ಬಿ ಕಣವೂ ಹೀಗೆಯೇ ಮಾಡುತ್ತದೆ. ಮೂಳೆಯ ಮಜ್ಜೆಯಲ್ಲಿ ಬೆಳೆಯುವಾಗ ವಂಶವಾಹಿ ತುಣುಕುಗಳ ಪ್ರತಿ ಗುಂಪಿನಿಂದ ಒಂದೊಂದನ್ನು ಉಳಿಸಿಕೊಂಡು, ನಡುವಿನದನ್ನು ಕತ್ತರಿಸಿ ಜೋಡಿಸುತ್ತದೆ. ಬೆಸುಗೆಯ ಜಾಗದಲ್ಲೂ ಚಿಕ್ಕ ಬದಲಾವಣೆಗಳಾಗಿ ಬಗೆಗಳು ಇನ್ನೂ ಹೆಚ್ಚುತ್ತವೆ. ಈ ಶೋಧಕ್ಕೆ ಅವರಿಗೆ 1987ರಲ್ಲಿ ನೊಬೆಲ್ ಬಹುಮಾನ ಬಂತು.

ಲಸಿಕೆ ಹಾಕಿದಾಗ ಅದಕ್ಕೆ ಹೊಂದುವ ಬಿ ಕಣಗಳು ಮಾತ್ರ ಬಹುಪಾಲು ವೃದ್ಧಿಯಾಗುತ್ತವೆ. ಕೆಲವು ನೆನಪಿನ ಕಣಗಳಾಗಿ ವರ್ಷಗಟ್ಟಲೆ ಉಳಿಯುತ್ತವೆ. ದನದ ಸಿಡುಬಿನ ವೈರಸ್ಸು ಮನುಷ್ಯರ ಸಿಡುಬಿನ ವೈರಸ್ಸನ್ನು ಹೋಲುವುದರಿಂದ ಎರಡನ್ನೂ ಅವು ಗುರುತಿಸುತ್ತವೆ. 1980ರಲ್ಲಿ ಸಿಡುಬು ಜಗತ್ತಿನಿಂದಲೇ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು.

ನೀವೇ ಲೆಕ್ಕ ಹಾಕಿ: ಗ್ರಾಹಕದ ಒಂದು ಭಾಗಕ್ಕೆ ಮೂರು ಗುಂಪುಗಳಲ್ಲಿ ಸುಮಾರು 40, 23 ಮತ್ತು 6 ತುಣುಕುಗಳಿವೆ. ಎಷ್ಟು ಬಗೆಯ ಜೋಡಣೆ ಸಾಧ್ಯ? (ಉತ್ತರ: 5,520)